ಮೇಸ್ತ್ರಿ ಹೊನ್ನೂರಮ್ಮನಿಗೆ ಉಡಿ ತುಂಬಿದ ದವಾಖಾನೆ

ರಾರಾವಿಯ ಹೊನ್ನೂರಮ್ಮನ ಗುಂಪಿನಲ್ಲಿ ಇಪ್ಪತ್ತೆರಡು ಹೆಣ್ಣಾಳು. ಭತ್ತದ ನಾಟಿ ಗುತ್ತಿಗೆ ಹಿಡಿಯುವುದು, ಯಾವತ್ತು ಯಾರ ಹೊಲಕ್ಕೆ ಇಳಿಯಬೇಕೆಂದು ಹೇಳುವುದು, ಹೊಲದ ಧಣಿಗಳ ಜೊತೆ ರೇಟಿಗೆ ಜಗಳ ಆಡುವುದು, ಸಾಲಿನಲ್ಲಿ ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವುದು, ಎಲ್ಲ ಆಕೆಯದೇ. ಮೇಸ್ತ್ರಿ ಅಂದರೆ ಮೀಸೆ ಇರಬೇಕು ಎಂದುಕೊಂಡಿದ್ದ ಊರಿನಲ್ಲಿ ಹದಿನೆಂಟು ವರ್ಷದಿಂದ ಆಕೆಯೇ ಮೇಸ್ತ್ರಿ. ಗಂಡ ಸತ್ತಾಗ ಮೂವತ್ತಾರು, ಈಗ ಐವತ್ತನಾಲ್ಕು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕೂಲಿ ಹೆಚ್ಚಿಸಬೇಕೆಂದು ಸಿರುಗುಪ್ಪದ ತಹಶೀಲ್ದಾರರ ಕಚೇರಿ ಮುಂದೆ ಒಂಬತ್ತು ದಿನ ಕೂತಿದ್ದಾಗ, ಮನವಿಗೆ ಹೆಬ್ಬೆಟ್ಟು ಒತ್ತಲು ಒಲ್ಲೆನೆಂದು ಅಲ್ಲೇ ಪೆಂಡಾಲಿನ ಕೆಳಗೆ ತನ್ನ ಹೆಸರಿಗೆ ಬೇಕಾದಷ್ಟು ಅಕ್ಷರ ಕಲಿತಳು. ಅದಕ್ಕಿಂತ ಒಂದಕ್ಷರ ಹೆಚ್ಚು ಕಲಿಯಲಿಲ್ಲ.

ನಾಟಿಯಲ್ಲಿ ಎರಡು ಕೆಲಸ. ಕೆಸರಿನಲ್ಲಿ ಬಾಗಿ ಸಸಿ ಊರುವುದು ಒಂದು. ಬದುವಿನ ಮೇಲಿಂದ ಸಸಿಯ ಕಟ್ಟು ಹೊತ್ತು ತಂದು ಊರುವವರ ಕೈಗೆ ಸಿಗುವಂತೆ ಎಸೆಯುವುದು ಇನ್ನೊಂದು. ಎಸೆಯಲು ಇಬ್ಬರು ಸಾಕು. ಅದು ಬಾಣಂತನ ಮುಗಿಸಿ ಬಂದವರಿಗೆ, ಜ್ವರ ಬಿಟ್ಟವರಿಗೆ ಕೊಡುವ ಹಗುರ ಕೆಲಸ. ಈ ಮಳೆಗಾಲದಲ್ಲಿ ಅದೇ ಕೆಲಸ ಬೇಕೆಂದು ಎಂಟು ಮಂದಿ ಬಂದು ನಿಂತರು.

"ಸಸಿ ಕೊಡಾಕ ನನ್ನ ಹಾಕ ಹೊನ್ನೂರಕ್ಕ. ನಡ ಬಿಟ್ಟುಬಿಟ್ಟೈತಿ."

"ಎಲ್ಲಾರ್ದೂ ಒಮ್ಮೆಲೆ ಬಿಟ್ಟೈತೇನು? ಎಂಟು ಮಂದಿ ಬದುವಿನ ಮ್ಯಾಲ ನಿಂತು ಒಬ್ಬರಿಗೊಬ್ಬರು ಸಸಿ ಒಗೀತೀರೇನು, ಚೆಂಡಾಟ ಆಡಿದಂಗ?"

ಮೊದಲ ಎರಡು ದಿನ ಸೋಮಾರಿತನ ಎಂದು ಬೈದಳು. ಮೂರನೆಯ ದಿನ ಸಾಲಿನ ಹಿಂದೆ ನಿಂತು ನೋಡಿದಳು. ಎಂಟೂ ಜನ ಮೂವತ್ತು, ನಲವತ್ತರ ಒಳಗಿನವರು. ಹತ್ತು ಹೆಜ್ಜೆಗೊಮ್ಮೆ ಎದ್ದು ಸೊಂಟ ಹಿಡಿಯುತ್ತಾರೆ. ತಂಪು ಗಾಳಿಯಲ್ಲೂ ಸೆರಗಿನಿಂದ ಮುಖಕ್ಕೆ ಬೀಸಿಕೊಳ್ಳುತ್ತಾರೆ. ಸಾಲಿನ ತುದಿಯಲ್ಲಿ ಅರವತ್ತೆರಡರ ಉಚ್ಚಂಗೆಮ್ಮ ಬಾಗಿದವಳು ಬಾಗಿದಂತೆಯೇ ಹಿಂದೆ ಹಿಂದೆ ಸರಿಯುತ್ತಿದ್ದಾಳೆ, ತಲೆ ಎತ್ತಿಲ್ಲ.

"ನಿನಗೇನೂ ನೋಯಂಗಿಲ್ಲೇನು ಮುದುಕಿ?"

"ನನ್ನ ಚೀಲ ಇದ್ದಲ್ಲೇ ಐತ್ಯವ್ವ. ನಾ ಅದನ್ನ ಹೊತ್ತೀನಿ, ಅದು ನನ್ನ ಹೊತ್ತೈತಿ," ಎಂದಳು ಉಚ್ಚಂಗೆಮ್ಮ, ಬಾಗಿದಲ್ಲಿಂದಲೇ. ಸಾಲೆಲ್ಲ ನಕ್ಕಿತು. ಎಂಟು ಜನ ನಗಲಿಲ್ಲ.

ಹೊನ್ನೂರಮ್ಮನಿಗೆ ಆಗ ಹೊಳೆಯಿತು. ಈ ಎಂಟೂ ಜನ ಗರ್ಭಚೀಲ ತೆಗೆಸಿಕೊಂಡವರು. ಎಂಟೂ ಜನರದ್ದು ಸಿರುಗುಪ್ಪದ ಅದೇ ಒಂದು ಖಾಸಗಿ ದವಾಖಾನೆ. ಇನ್ನೊಂದು ಮಾತೂ ಹೊಳೆಯಿತು, ಅದನ್ನು ಆಕೆ ನುಂಗಿಕೊಂಡಳು. ಎಂಟೂ ಜನರನ್ನು ಅಲ್ಲಿಗೆ ಕರೆದುಕೊಂಡು ಹೋದವಳು ತಾನೇ.

ಇದರಲ್ಲಿ ಆಗ ತಪ್ಪೇನೂ ಕಂಡಿರಲಿಲ್ಲ. ಗುಂಪಿನ ಹೆಂಗಸಿಗೆ ಹುಷಾರಿಲ್ಲದಿದ್ದರೆ ಮೇಸ್ತ್ರಿ ಜೊತೆಗೆ ಹೋಗಬೇಕು, ಅದು ಪದ್ಧತಿ. ಗಂಡಂದಿರು ಬಾಗಿಲಲ್ಲಿ ಬೀಡಿ ಹಚ್ಚಿ ನಿಲ್ಲುತ್ತಾರೆ, ಒಳಗೆ ಹೋಗಿ ಮಾತಾಡುವವಳು ಆಕೆ. ಸರ್ಕಾರಿ ದವಾಖಾನೆಯಲ್ಲಿ ಮೂರು ದಿನ ಓಡಾಡಿದರೆ ಮೂರು ದಿನದ ಕೂಲಿ ಹೋಯಿತು. ಇಲ್ಲಿ ಬೆಳಿಗ್ಗೆ ಹೋದರೆ ಮಧ್ಯಾಹ್ನಕ್ಕೆ ಸ್ಕ್ಯಾನ್, ಸಂಜೆಗೆ ತೀರ್ಮಾನ. ಬಿಳಿಮುಟ್ಟು ಅಂದವಳಿಗೂ ಚೀಲ ತೆಗೆ, ಹೊಟ್ಟೆನೋವು ಅಂದವಳಿಗೂ ಚೀಲ ತೆಗೆ. ತೆಗೆದರೆ ತಿಂಗಳ ಕಾಟ ತಪ್ಪಿತು, ಕೂಲಿ ತಪ್ಪುವುದಿಲ್ಲ ಎಂದು ಹೆಂಗಸರೇ ಒಬ್ಬರನ್ನು ನೋಡಿ ಒಬ್ಬರು ಹೊರಟರು.

ಪ್ರತಿ ಸಲ ಹೊರಡುವಾಗ ಅಲ್ಲಿನ ನರ್ಸು ಕೊಟ್ರಮ್ಮ ತಟ್ಟೆ ಹಿಡಿದು ಬರುತ್ತಿದ್ದಳು. ತೆಂಗಿನಕಾಯಿ, ಎಲೆ ಅಡಿಕೆ, ಮಡಿಸಿದ ಸೀರೆ. "ಮೇಸ್ತ್ರಿಯಮ್ಮ ಬರೇ ಕೈಲೆ ಹೋಗಬಾರ್ದು, ಉಡಿ ತುಂಬಿಸ್ಕೋ." ಗಂಡ ಸತ್ತ ಮೇಲೆ ಹೊನ್ನೂರಮ್ಮನಿಗೆ ಯಾರೂ ಉಡಿ ತುಂಬಿರಲಿಲ್ಲ. ಮದುವೆ ಮನೆಯಲ್ಲಿ ಆಕೆಯನ್ನು ದಾಟಿ ಪಕ್ಕದವಳ ಸೆರಗಿಗೆ ಅಕ್ಕಿ ಸುರಿದವರು ಆಕೆಯ ಸ್ವಂತ ನಾದಿನಿಯರು. ದೊಡ್ಡ ದವಾಖಾನೆಯವರು, ಕಲಿತವರು, ರಂಡೆ ಮುಂಡೆ ಅನ್ನದೆ ಮರ್ಯಾದೆ ಕೊಡುತ್ತಾರಲ್ಲ ಎಂದು ಆಕೆ ಸೆರಗೊಡ್ಡಿದ್ದಳು. ಒಂಬತ್ತು ಸಲ ಒಡ್ಡಿದ್ದಳು. ಎಂಟು ಈ ಎಂಟು ಜನರದ್ದು. ಇನ್ನೊಂದು ಸ್ವಂತ ತಂಗಿ ಮಾರೆಮ್ಮನದು.

ಅದೇ ವಾರ ಮಾರೆಮ್ಮನ ಮಗಳು ಜ್ಯೋತಿ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಪಕ್ಕಕ್ಕೆ ಬಂದು ಕೂತಳು. ಇಪ್ಪತ್ತೊಂಬತ್ತರ ಹೆಂಗಸು. ಒಂದು ಹೆಣ್ಣು ಮಗು. ರಾರಾವಿಗೇ ಕೊಟ್ಟಿದ್ದರಿಂದ ದೊಡ್ಡವ್ವನ ಗುಂಪಿನಲ್ಲೇ ದುಡಿಯುತ್ತಿದ್ದಳು. ತಿಂಗಳಿಗೆ ಎಂಟು ದಿನ ರಕ್ತ ನಿಲ್ಲುವುದಿಲ್ಲವೆಂದು ಗಂಡನ ಜೊತೆ ಸಿರುಗುಪ್ಪಕ್ಕೆ ಹೋಗಿ ಬಂದಿದ್ದಳು.

"ಗಡ್ಡಿ ಐತಂತ ದೊಡ್ಡವ್ವ. ಬಿಟ್ಟರ ಕ್ಯಾನ್ಸರ್ ಆಗತೈತಂತ. ಸೋಮವಾರ ಚೀಲ ತಗೀತೀವಿ ಅಂದಾರ. ನೀನೂ ಬರಬೇಕು."

"ಡಾಕ್ಟ್ರು ಹೊಟ್ಟಿ ಮುಟ್ಟಿ ನೋಡ್ಯಾರೇನು?"

"ಇಲ್ಲ. ಸ್ಕ್ಯಾನ್ ನೋಡಿದ್ರು."

"ನೀ ಏನು ಅಂದಿ?"

"ನಾ ಏನ್ ಅನ್ಲಿ? ಎಂಟೆಂಟು ದಿನ ಬಟ್ಟಿ ಕಟಗೊಂಡು ಕೆಸರಾಗ ನಿಂತಾಕಿ ನಾನು. ತೆಗೆದು ಒಗದ್ರ ಪೀಡಾ ಹೋಗತೈತಿ."

"ಇನ್ನೊಂದು ಕೂಸು ಬೇಕಂತಿದ್ದೆಲ್ಲ."

ಜ್ಯೋತಿ ರೊಟ್ಟಿ ಮುರಿದಳು, ತಿನ್ನಲಿಲ್ಲ. "ಬೇಕು ಅಂದ್ರ? ಕ್ಯಾನ್ಸರ್ ಹೊಟ್ಟ್ಯಾಗ ಕೂಸು ಇಟಗೊಳ್ಳಲೇನು?"

"ಸೋಮವಾರ ಹೋಗಬ್ಯಾಡ."

"ನನ್ನವ್ವಗ ಬ್ಯಾಡ ಅನಲಿಲ್ಲ ನೀನು. ಕೈ ಹಿಡಕೊಂಡು ಹೋಗಿದ್ದಿ."

ಹೊನ್ನೂರಮ್ಮ ಬುತ್ತಿ ಕಟ್ಟಿ ಎದ್ದಳು. ಕೇರಿಯ ಹುಡುಗಿ ಯಶೋಧರಾ ಬಳ್ಳಾರಿಯ ಪಾರ್ವತಿನಗರದಲ್ಲಿ ಒಬ್ಬ ಡಾಕ್ಟರಮ್ಮನ ಹತ್ತಿರ ನರ್ಸು. ಆಕೆಗೆ ಫೋನು ಮಾಡಿಸಿದಳು. ಸಿರುಗುಪ್ಪದ ಸ್ಕ್ಯಾನು, ಕಾಗದ ಎಲ್ಲ ತಗೊಂಡು ಬರ್ರಿ, ನಮ್ಮ ಮೇಡಂ ನೋಡ್ತಾರ ಎಂದಳು ಯಶೋಧರಾ.

ಕಾಗದ ಕೇಳಿದರೆ ಕೊಡುವವರೇ ಅವರು? ಹೊನ್ನೂರಮ್ಮ ಶನಿವಾರ ಜ್ಯೋತಿಯನ್ನು ಕರೆದುಕೊಂಡು ಸುಳ್ಳು ಜೋಡಿಸಿಕೊಂಡೇ ಹೋದಳು. ದವಾಖಾನೆಯ ಕೌಂಟರಿನಲ್ಲಿ ಮ್ಯಾನೇಜರ್ ಹುಲುಗೇಶ್ ಕೂತಿದ್ದ. ಅವನು ಪಕ್ಕದ ಊರಿನ ಕೇರಿಯವನೇ, ನಮ್ಮ ಪೈಕಿ ಹುಡುಗ ಮೇಲೆ ಬಂದನಲ್ಲ ಎಂದು ಆಕೆ ಹಿಂದೆ ಹೆಮ್ಮೆಪಟ್ಟಿದ್ದೂ ಉಂಟು.

"ಬಾ ಅತ್ತಿ ಬಾ. ಬಾಳ ದಿನ ಆತು, ನಮ್ಮನ್ನ ಮರತಿ ಅಂದ್ಕೊಂಡಿದ್ದೆ."

"ಮರಿಯಾಕ ನೀವು ಬಿಡಬೇಕಲ್ಲಪ್ಪ. ಈಕಿ ಗಂಡ ಭಾಳ ಅನುಮಾನದಾವ. ಫೋಟೊ ಕಣ್ಣಿಲೆ ನೋಡಿದ ಮ್ಯಾಲ ಸೈ ಮಾಡತೀನಿ ಅಂತಾನ. ಫೈಲ್ ಕೊಡು, ಸೋಮವಾರ ತರತೀವಿ."

ಹುಲುಗೇಶ್ ನಕ್ಕು ಕೊಟ್ಟ. ಅನುಮಾನದ ಗಂಡಂದಿರು ಅವನಿಗೆ ಹೊಸಬರಲ್ಲ. ಅಷ್ಟರಲ್ಲಿ ಕೊಟ್ರಮ್ಮ ತಟ್ಟೆ ಹಿಡಿದು ಬಂದಳು. ಆಪರೇಷನ್ ಇನ್ನೂ ಆಗಿಲ್ಲ, ಸೀರೆ ಆಗಲೇ ಬಂದಿದೆ. ಹೊನ್ನೂರಮ್ಮನ ಮೈ ಉರಿಯಿತು. ಬಾಯಿಂದ ಬಂದದ್ದು ಬೇರೆ.

"ಸೂತಕ ಐತವ್ವ. ಉಡಿ ತಗೊಳ್ಳಾಂಗಿಲ್ಲ."

"ಯಾರು ಹೋದ್ರು ಅತ್ತಿ?" ಎಂದ ಹುಲುಗೇಶ್.

"ದೂರದೋರು. ನಿನಗ ಗೊತ್ತಿಲ್ಲ ಬಿಡು."

ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತು ಜ್ಯೋತಿ ಫೈಲು ಬಿಚ್ಚಿದಳು. ಏಳನೆಯ ಇಯತ್ತೆ ಓದಿದವಳು. ಒಳಗಿನದೆಲ್ಲ ಇಂಗ್ಲಿಷು. ಹೊನ್ನೂರಮ್ಮ ಸುಮ್ಮನೆ ಬಗ್ಗಿ ನೋಡಿದವಳು ಬೆರಳು ಇಟ್ಟಳು. ಮೊದಲ ಹಾಳೆಯ ಮೂಲೆಯಲ್ಲಿ ಕೆಂಪು ಪೆನ್ನಿನಲ್ಲಿ ಆಕೆ ಓದಬಲ್ಲ ಒಂದೇ ಒಂದು ಮಾತು ಇತ್ತು. ಆಕೆಯ ಹೆಸರು.

"ಇಲ್ಲೇನು ಬರದಾರ?"

"ಕರೆತಂದವರು, ಹೊನ್ನೂರಮ್ಮ ಮೇಸ್ತ್ರಿ, ರಾರಾವಿ."

"ನಾ ಎಲ್ಲಿ ಕರಕೊಂಡು ಬಂದಿದ್ದೆ? ನೀನು ನಿನ್ನ ಗಂಡ ಹೋದವರು."

"ಯಾವೂರು, ಯಾರ ಪೈಕಿ ಅಂತ ಕೇಳಿದ್ರು. ನಮ್ಮ ದೊಡ್ಡವ್ವ ಹೊನ್ನೂರಮ್ಮ ಅಂದೆ. ಬರಕೊಂಡ್ರು."

ಮನೆಯಲ್ಲಿ ಕೂತವಳ ಹೆಸರು ತಾನಾಗಿಯೇ ಎದ್ದು ಹೋಗಿ ಹೆಣ್ಣುಮಕ್ಕಳನ್ನು ಕರೆತರುತ್ತಿದೆ. ದನ ಕೊಡಿಸಿದ ದಲ್ಲಾಳಿಗೆ ಸಂತೆಯಲ್ಲಿ ಪಾಲು ಕೊಡುತ್ತಾರೆ. ಅವನಿಗೆ ತಾನು ದಲ್ಲಾಳಿ ಎಂಬುದಾದರೂ ಗೊತ್ತಿರುತ್ತದೆ.

ಜ್ಯೋತಿ ಕೊಟ್ರಮ್ಮನ ತಟ್ಟೆ ನೋಡಿದ್ದಳು. "ಅಂಥ ಸೀರಿ ಎಷ್ಟು ಅದಾವ ದೊಡ್ಡವ್ವ ನಿನ್ನ ಹತ್ರ?" ಎಂದು ಮೆಲ್ಲಗೆ ಕೇಳಿದಳು.

"ಒಂಬತ್ತು ಕೊಟ್ಟಾರ."

"ನನ್ನವ್ವಂದೂ ಸೇರಿ?"

"ಸೇರಿ."

ಜ್ಯೋತಿ ಫೈಲು ಮಡಚಿ ಎದ್ದಳು. ಬಳ್ಳಾರಿ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ಪಾರ್ವತಿನಗರದ ಡಾಕ್ಟರ್ ಸುನಂದಾ ಕನ್ನಡಕದ ಹೆಂಗಸು. ಜ್ಯೋತಿಯನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಮುಟ್ಟಿನ ಲೆಕ್ಕ ಕೇಳಿದರು, ಸಿರುಗುಪ್ಪದ ಸ್ಕ್ಯಾನನ್ನು ಬೆಳಕಿಗೆ ಹಿಡಿದರು. ಹೊನ್ನೂರಮ್ಮ ಅವರ ಕೈಯನ್ನೇ ನೋಡುತ್ತಿದ್ದಳು. ಆ ಕೈ ಚೀಟಿ ಎಳೆದುಕೊಂಡು ಬರೆಯತೊಡಗಿತು. ಒಂದು, ಎರಡು, ಐದು ಸಾಲು.

"ರಕ್ತದ್ದು ಮೂರು ಪರೀಕ್ಷೆ, ಇನ್ನೊಮ್ಮೆ ಸ್ಕ್ಯಾನು. ಎಂಆರ್‌ಐ ಕೂಡ ಒಂದು ಮಾಡಿಸಿಬಿಡೋಣ."

"ಇದಕ್ಕೆಲ್ಲ ಎಷ್ಟು ಆಗತೈತ್ರಿ?"

"ಅದು ಕೆಳಗೆ ಲ್ಯಾಬಿನಲ್ಲಿ ಹೇಳ್ತಾರಮ್ಮ."

"ನಿಮ್ಮನ್ನ ಕೇಳಿದೆ."

"ನನಗೆ ಅದರ ರೇಟು ಗೊತ್ತಿಲ್ಲ."

ಹೊನ್ನೂರಮ್ಮ ಕುರ್ಚಿ ಮುಂದಕ್ಕೆ ಎಳೆದಳು. ಡಾಕ್ಟರಮ್ಮ ಸಿಕ್ಕಿಬಿದ್ದಳು ಎಂದುಕೊಂಡಳು. ರೇಟು ಗೊತ್ತಿಲ್ಲ ಎನ್ನುವವರೇ ಪಾಲು ತಿನ್ನುವವರು. "ಬರದಾಕಿ ನೀವು. ಗೊತ್ತಿಲ್ಲಂದ್ರ ಹೆಂಗ್ರಿ? ಎಕರೆ ನಾಟಿಗೆ ಎಷ್ಟು, ಸಸಿ ಕಟ್ಟಿಗೆಷ್ಟು, ಬಸ್ಸಿಗೆಷ್ಟು, ನಾ ನಿದ್ದಿಗಣ್ಣಾಗ ಹೇಳ್ತೀನಿ. ಕಲೀದಾಕಿ ನಾನು."

ಯಶೋಧರಾ ಬಾಗಿಲಲ್ಲಿ ನಿಂತು ಕಣ್ಣು ಬಿಟ್ಟಳು. ಸುನಂದಾ ಅವರ ಮುಖ ಕೆಂಪಾಯಿತು. ಎದ್ದು ಹೊರಗೆ ಕಳಿಸುತ್ತಾರೆ ಎಂದು ಜ್ಯೋತಿ ಕೈಚೀಲ ಹೆಗಲಿಗೇರಿಸಿದಳು. ಅವರು ಫೋನು ಎತ್ತಿ ಕೆಳಗೆ ಕೇಳಿದರು. ಕೇಳುತ್ತ ಕೇಳುತ್ತ ಪೆನ್ನು ಕೆಳಗಿಟ್ಟರು.

"ಇಷ್ಟಾ? ಯಾವಾಗಿಂದ?" ಎಂದರು ಫೋನಿಗೆ.

ಆಮೇಲೆ ಚೀಟಿ ಹತ್ತಿರ ಎಳೆದು ಎಂಆರ್‌ಐ ಹೊಡೆದುಹಾಕಿದರು. ರಕ್ತದ್ದರಲ್ಲಿ ಎರಡು ಹೊಡೆದರು. ಸ್ಕ್ಯಾನನ್ನೂ ಹೊಡೆದರು. ಹಳೆಯದೇ ಸಾಕು, ಚೆನ್ನಾಗಿ ಬಂದಿದೆ ಎಂದರು.

ಹೊನ್ನೂರಮ್ಮ ಅಷ್ಟಕ್ಕೆ ಬಿಡಲಿಲ್ಲ. "ಈಗ ಬ್ಯಾಡ ಅಂದ್ರ, ಆಗ ಯಾಕ ಬೇಕಾಗಿತ್ರಿ?"

ಸುನಂದಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೇಕಿರಲಿಲ್ಲ. ಇದ್ದರೆ ನನಗೊಂದು ಧೈರ್ಯ. ಅಭ್ಯಾಸ."

"ನಿಮ್ಮ ಧೈರ್ಯಕ್ಕ ನಾವು ದುಡ್ಡು ಕೊಡಬೇಕೇನ್ರಿ?"

ಇದಕ್ಕೂ ಅವರು ಬೈಯಲಿಲ್ಲ. ಇದೇ ಹೊನ್ನೂರಮ್ಮನಿಗೆ ಹೆಚ್ಚು ಅನುಮಾನ ತಂದಿತು. ಸಿರುಗುಪ್ಪದ ಡಾಕ್ಟರನಿಗೆ ಪೈಸೆ ಪೈಸೆ ರೇಟು ಗೊತ್ತು, ಗೊತ್ತಿದ್ದೇ ಬರೆಯುತ್ತಾನೆ. ಇವರಿಗೆ ಏನೂ ಗೊತ್ತಿಲ್ಲ, ಗೊತ್ತಿಲ್ಲದೆ ಬರೆಯುತ್ತಾರೆ. ಹೊಲ ಮೇಯ್ದದ್ದು ಕಳ್ಳ ದನವಾದರೇನು, ಹಗ್ಗ ಬಿಚ್ಚಿದ್ದು ಗೊತ್ತಿಲ್ಲದೆ ಅಡ್ಡಾಡಿದ ದನವಾದರೇನು. ಪೈರು ಹೋದದ್ದು ಹೋದದ್ದೇ.

ಒಂದು ತಾಸಿಗೆ ರಕ್ತದ ಚೀಟಿ ಬಂತು. ಸುನಂದಾ ಜ್ಯೋತಿಗೇ ನೇರ ಹೇಳಿದರು. ಗಡ್ಡೆ ಇರುವುದು ಕಡಲೆಕಾಳಿನಷ್ಟು. ಇಂಥವು ಎಷ್ಟೋ ಹೆಂಗಸರಿಗೆ ಇರುತ್ತವೆ, ಇದು ಕ್ಯಾನ್ಸರ್ ಅಲ್ಲ. ಮೈಯಲ್ಲಿ ರಕ್ತ ಅರ್ಧಕ್ಕೆ ಇಳಿದಿದೆ, ಅದು ನಿಜವಾದ ತೊಂದರೆ. ರಕ್ತ ಏರುವ ಗುಳಿಗೆ ದಿನಾ, ಸ್ರಾವ ತಡೆಯುವ ಗುಳಿಗೆ ಮುಟ್ಟಿನ ದಿನಗಳಲ್ಲಿ ಮಾತ್ರ. ಮೂರು ತಿಂಗಳು ನೋಡೋಣ.

"ಚೀಲ?"

"ಅದರ ತಂಟೆಗೆ ಹೋಗಬೇಡ. ಇನ್ನೊಂದು ಮಗು ಬೇಕೆಂದರೂ ಆಗುತ್ತೆ."

"ಚೀಲ ತಗದವರಿಗೆ ನಡ ಯಾಕ ಬಿಡತೈತ್ರಿ?" ಹೊನ್ನೂರಮ್ಮ ಕೇಳಿದಳು. "ತಂಪು ಗಾಳ್ಯಾಗೂ ಬೆವರು ಯಾಕ ಬರತೈತಿ?"

ಸುನಂದಾ ಪೆನ್ನಿನಿಂದ ಹಾಳೆಯ ಹಿಂದೆ ಒಂದು ಚಿತ್ರ ಬರೆದರು. ಚೀಲದ ಎರಡು ಬದಿಗೆ ಎರಡು ಗುಂಡಗಿನವು. ಕೆಲವರು ಚೀಲದ ಜೊತೆ ಇವನ್ನೂ ತೆಗೆದುಬಿಡುತ್ತಾರೆ, ಆಗ ಮೂವತ್ತಕ್ಕೇ ಮುಪ್ಪು ಬರುತ್ತದೆ, ಎಲುಬು ಸವೆಯುತ್ತದೆ ಎಂದರು. ಎಂಟು ಜನರದ್ದು ತೆಗೆದಿದ್ದಾರೋ ಇಲ್ಲವೋ ಕಾಗದ ನೋಡದೆ ಹೇಳಲಾರೆ, ಅವರನ್ನೂ ಕರೆದು ತನ್ನಿ ಎಂದರು.

ಕರೆದು ತನ್ನಿ. ಆ ಮಾತು ಹೊನ್ನೂರಮ್ಮನಿಗೆ ಚೇಳು ಕುಟುಕಿದಂತಾಯಿತು. ಇಲ್ಲಿಯೂ ಯಾವ ಮೂಲೆಯಲ್ಲಿ ಯಾವ ಪೆನ್ನಿನಲ್ಲಿ ಬರೆದುಕೊಳ್ಳುತ್ತಾರೋ. ಹೊರಡುವಾಗ ಬಾಗಿಲ ಕಡೆಗೆ ಎರಡು ಸಲ ತಿರುಗಿ ನೋಡಿದಳು. ತಟ್ಟೆ ಬರಲಿಲ್ಲ.

ರಸ್ತೆಗೆ ಬಂದ ಮೇಲೆ ಜ್ಯೋತಿ ಬಾಯಿ ಬಿಟ್ಟಳು. "ಒಬ್ಬರು ಕ್ಯಾನ್ಸರ್ ಅಂತಾರ, ಒಬ್ಬರು ಕಡ್ಲಿಕಾಳು ಅಂತಾರ. ಯಾರನ್ನ ನಂಬಲಿ?"

"ನನ್ನ ನಂಬು."

"ನಿನ್ನ ನಂಬಿ ನನ್ನವ್ವ ಏನಾದ್ಲು?" ಜ್ಯೋತಿ ನಿಂತಳು. "ಕುರುಗೋಡಿಗೆ ನಡಿ. ಸೀರಿ ಮಾತು ನನ್ನವ್ವನ ಮುಂದ ಹೇಳು. ಹೇಳಿದ್ರ ಸೋಮವಾರ ಹೋಗಂಗಿಲ್ಲ. ಹೇಳಲಿಲ್ಲಂದ್ರ ನೀನೂ ಅವರ ಪೈಕಿನೇ ಅಂತ ತಿಳಕೊಂಡು ಹೋಗಿ ಮಲಗತೀನಿ, ಏನಾರ ಆಗಲಿ."

ಮಾರೆಮ್ಮ ಆಪರೇಷನ್ ಆದಮೇಲೆ ನಾಟಿಗೆ ಬಾಗಲಾಗದೆ ಗಂಡನ ಊರು ಕುರುಗೋಡಿಗೆ ಹೋಗಿದ್ದಳು. ಬಸ್‌ಸ್ಟ್ಯಾಂಡಿನ ಹತ್ತಿರ ಗೋಣಿ ಹಾಸಿ ತರಕಾರಿ ಮಾರುತ್ತಾಳೆ. ಅಕ್ಕ, ಮಗಳು ಇಬ್ಬರೂ ಇಳಿದು ಬರುವುದನ್ನು ನೋಡಿ ಮೊದಲು ನಕ್ಕಳು. ಮುಖ ನೋಡಿ ನಗು ನಿಲ್ಲಿಸಿದಳು.

ಹೊನ್ನೂರಮ್ಮ ನಿಂತೇ ಹೇಳಿದಳು. ಸುತ್ತಿ ಬಳಸಿ ಹೇಳಲು ಆಕೆಗೆ ಬರುವುದಿಲ್ಲ. ಉಡಿ, ಸೀರೆ, ಕೆಂಪು ಪೆನ್ನು, ಕಡಲೆಕಾಳು ಎಲ್ಲ ಹೇಳಿದಳು. ಮಾರೆಮ್ಮ ರಟ್ಟಿನ ಚೂರಿನಿಂದ ಮುಖಕ್ಕೆ ಬೀಸಿಕೊಳ್ಳುತ್ತಾ ಕೇಳಿದಳು.

"ಎಷ್ಟನೇದಾಕಿ ನಾನು?"

"ಮೂರನೇದಾಕಿ."

"ನನ್ನ ಸೀರಿ ಯಾವುದು?"

"ಹಸರಂದು. ನೀ ಮನಿಗೆ ಬಂದ ದಿನ ನಿನಗೇ ಉಡಿಸಿದ್ದೆ."

ಯಾರೋ ಬಂದು ಬದನೆಕಾಯಿ ಕೇಳಿದರು. ಮಾರೆಮ್ಮ ತೂಗಿದಳು, ಒಂದು ಕಾಯಿ ಮೇಲೆ ಹಾಕಿದಳು, ಚಿಲ್ಲರೆ ಕೊಟ್ಟಳು. ಗಿರಾಕಿ ಹೋದ ಮೇಲೆ ತಕ್ಕಡಿಯ ಬಟ್ಟು ಕೈಯಲ್ಲೇ ಹಿಡಿದಿದ್ದಳು.

"ರೊಕ್ಕ ತಿಂದಿದ್ರ ಇದರ್ಲೆ ತಲಿ ಒಡೀತಿದ್ದೆ. ಉಡಿಗೆ ಮಳ್ಳಾಗಿ ನೋಡು. ಹೊಡಿಯಾಕನೂ ಬರವಲ್ದು, ಬಿಡಾಕನೂ ಬರವಲ್ದು."

"ಹೊಡಿ ಬೇಕಾದ್ರ."

"ಹೊಡದ್ರ ನಿನಗ ಹಗುರಾಗತೈತಿ. ನನಗೇನು ಬರತೈತಿ?"

ಜ್ಯೋತಿಯ ಫೋನು ಹೊಡೆದುಕೊಂಡಿತು. ಹುಲುಗೇಶ್. ಸೋಮವಾರ ಏನೂ ತಿನ್ನದೆ ಏಳಕ್ಕೇ ಬರಬೇಕು ಎಂದು ನೆನಪಿಸಲು. ಮಾರೆಮ್ಮ ಕೈ ಚಾಚಿದಳು, ಜ್ಯೋತಿ ಕೊಡಲಿಲ್ಲ. ತಾನೇ ಮಾತಾಡಿದಳು.

"ನಾ ಬರಂಗಿಲ್ರಿ. ಇಲ್ಲ, ಗಂಡ ಅಲ್ಲ, ನಾನೇ ಬ್ಯಾಡ ಅನ್ನಾಕತ್ತೀನಿ. ಕ್ಯಾನ್ಸರ್ ಆದ್ರ ಆಗಲಿ, ಆವಾಗ ನೋಡಕೊಂತೀನಿ. ಯಾರು ತಲಿ ಕೆಡಿಸ್ಯಾರಂದ್ರ? ಇಲ್ಲೇ ಅದಾಳ, ಮಾತಾಡ್ರಿ."

ಹೊನ್ನೂರಮ್ಮ ಫೋನು ತೆಗೆದುಕೊಂಡಳು. "ಹುಲುಗ್ಯಾ, ನಿಮ್ಮ ಕಾಗದದಾಗ ಎಲ್ಲೆಲ್ಲಿ ನನ್ನ ಹೆಸರು ಐತಿ, ಎಲ್ಲಾ ಹೊಡದಾಕು."

ಅತ್ತ ಅವನು ನಕ್ಕದ್ದು ಮೂವರಿಗೂ ಕೇಳಿಸಿತು. "ಹೊಡದಾಕ್ತೀನಿ ಬಿಡತ್ತಿ. ಹೆಸರು ಹೊಡದ್ರ ಹೋದ ಚೀಲ ತಿರುಗಿ ಬರತಾವೇನು?"

ಆಕೆ ಫೋನು ಕಿವಿಯಿಂದ ತೆಗೆದಳು. ಜ್ಯೋತಿಯ ಕೈಗೆ ಕೊಟ್ಟಳು.

ಮಾರೆಮ್ಮ ಗೋಣಿಯ ತುದಿ ಸರಿಸಿ ಜಾಗ ಮಾಡಿದಳು. ಕೂತ್ಕೋ ಎನ್ನಲಿಲ್ಲ. "ಉಳಿದ ಎಂಟು ಮಂದಿಗೆ ಯಾರು ಹೇಳ್ತಾರ?"

"ನಾನೇ ಹೇಳ್ತೀನಿ."

"ಗುಂಪು ಬಿಟ್ಟು ಹೋಗ್ತಾರ. ಮೇಸ್ತ್ರಿಕಿ ಹೋಗತೈತಿ."

"ಹೋಗಲಿ."

"ಒಬ್ಬೊಬ್ಬರ ಮನಿಗೆ ಹೋಗಿ ಹೇಳು. ಹೊಲದಾಗ ಎಲ್ಲಾರ ಮುಂದ ನಿಂತು ಭಾಷಣ ಮಾಡಬ್ಯಾಡ. ಭಾಷಣಕ್ಕ ಚಪ್ಪಾಳಿ ಬಿದ್ದುಬಿಡತಾವ."

ಜ್ಯೋತಿ ಗುಳಿಗೆಯ ಪಟ್ಟಿ ತೆಗೆದು ತಿರುಗಿಸಿ ನೋಡುತ್ತಿದ್ದಳು. "ಇದನ್ನ ನುಂಗಲೋ ಬ್ಯಾಡೋ?"

ಹೊನ್ನೂರಮ್ಮ ಪಟ್ಟಿಯನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದಳು. ಹಿಂದೆ ಬೆಲೆ ಅಚ್ಚಾಗಿತ್ತು. ಜ್ಯೋತಿಯಿಂದ ಓದಿಸಿದಳು, ಅಂಗಡಿಯವನು ತೆಗೆದುಕೊಂಡದ್ದಕ್ಕೆ ತಾಳೆ ಹಾಕಿದಳು. ತಾಳೆ ಬಿತ್ತು. ಆದರೂ ಮುಖ ಸಡಿಲಾಗಲಿಲ್ಲ.

"ನುಂಗು. ಮೂರು ತಿಂಗಳು ನೋಡೂಣು. ಕಡಿಮಿ ಆಗಲಿಲ್ಲಂದ್ರ ಆ ಕನ್ನಡಕದಾಕಿನ್ನೂ ಬಿಟ್ಟು ಮತ್ತೊಬ್ಬರನ್ನ ಕೇಳೂಣು. ಕೊಯ್ಯೂ ಮಾತು ಬಂದ್ರ ಮಾತ್ರ ನನ್ನ ಕರಿ. ಬೇರೆ ಯಾರನ್ನೂ ಕರಕೊಂಡು ಹೋಗಬ್ಯಾಡ."

"ನಿನ್ನ ಕರಕೊಂಡು ಹೋಗೂದು ಇನ್ನ ನಾನು," ಎಂದಳು ಜ್ಯೋತಿ. ಪಕ್ಕದ ಚಹಾದಂಗಡಿಯಿಂದ ನೀರು ತಂದು ಮೊದಲ ಗುಳಿಗೆ ನುಂಗಿದಳು.